ಕತ್ತಿನ ಗಂಟಿನ ಮೂಲ ಎಲ್ಲಿ?

ಕನ್ನಡದ ಆಡುಮಾತಿನಲ್ಲಿ ತಲೆಗೂ ಕತ್ತಿಗೂ ದೊಡ್ಡ ಸ್ಥಾನವಿದೆ. ಸಾಲ ಮಿತಿಮೀರಿದರೆ ಕುತ್ತಿಗೆಗೆ ಬಂತೆನ್ನುತ್ತಾರೆ. ದುಃಖ ಉಕ್ಕಿದಾಗ ಕೊರಳ ಸೆರೆ ಬಿಗಿಯುತ್ತದೆ. ತಪ್ಪು ಮಾಡಿದವನು ತಲೆ ತಗ್ಗಿಸುತ್ತಾನೆ. ಮಾತಿನಲ್ಲಿ ಇಷ್ಟೊಂದು ಬಳಕೆಯಾಗುವ ಈ ಭಾಗದ ಒಳರಚನೆಯನ್ನು ಬಲ್ಲವರು ಮಾತ್ರ ವಿರಳ. ಈ ತಿಳಿವಳಿಕೆಯ ಕೊರತೆಯಿಂದ ಉಂಟಾಗುವ ಹಾನಿಯಾದರೋ ಅಲ್ಪವಲ್ಲ.

ಠಾಣೆ-ಬೇಲಾಪುರ ಕೈಗಾರಿಕಾ ಪಟ್ಟಿಯಲ್ಲಿರುವ ರಬಾಳೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 2004ರಲ್ಲಿ ಠಾಣೆಯಿಂದ ವಾಶಿಗೆ ರೈಲು ಸಂಚಾರ ಆರಂಭವಾದ ಮೇಲೆ ಐರೋಳಿ ಮತ್ತು ಘಣಸೋಳಿಗಳ ನಡುವಣ ಈ ನಿಲ್ದಾಣದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಜನಸಂದಣಿ ಸೇರುತ್ತದೆ. ಹಲವು ಪ್ರಾಂತಗಳಿಂದ ಹೊಟ್ಟೆಪಾಡಿಗಾಗಿ ಬಂದವರ ನಡುವೆ ಕನ್ನಡದ ಮಾತೂ ಕಿವಿಗೆ ಬೀಳುವುದುಂಟು. ಅಂಗೈಯಲ್ಲಿ ಸುಣ್ಣದೊಡನೆ ತಂಬಾಕನ್ನು ತಿಕ್ಕಿ ತುಟಿಯ ಒಳಗಿಡುವ ಅಭ್ಯಾಸಕ್ಕೆ ಮಾತ್ರ ಯಾವ ಭಾಷೆಯ ಭೇದವೂ ಇಲ್ಲ. ರಾತ್ರಿ ಪಾಳಿಯ ನಿದ್ರೆಯನ್ನು ತಡೆಯಲೆಂದು ಆರಂಭವಾದ ಈ ಚಟ ಕ್ರಮೇಣ ಹಗಲಿನ ಸಂಗಾತಿಯೂ ಆಗುತ್ತದೆ.

ಇಂತಹ ಒಬ್ಬ ಕಾರ್ಮಿಕನ ಕತ್ತಿನಲ್ಲಿ, ದವಡೆಯ ಕೆಳಗೆ, ಕಡಲೆಗಾತ್ರದ ಒಂದು ಗಂಟು ಕಾಣಿಸಿಕೊಂಡಿತೆಂದು ಭಾವಿಸೋಣ. ನೋವಿಲ್ಲ, ಜ್ವರವಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ. ಅವನು ಅದಕ್ಕೆ ಮುಲಾಮು ಹಚ್ಚುತ್ತಾನೆ, ಬಿಸಿ ಶಾಖ ಕೊಡುತ್ತಾನೆ, ದೀಪಾವಳಿಗೆ ಊರಿಗೆ ಹೋದಾಗ ತೋರಿಸಿದರಾಯಿತೆಂದು ಸುಮ್ಮನಾಗುತ್ತಾನೆ. ಗಂಟು ಇರುವುದು ಕತ್ತಿನಲ್ಲಿ. ಆದ್ದರಿಂದ ರೋಗವೂ ಕತ್ತಿನದೇ ಎಂಬುದು ಅವನ ಎಣಿಕೆ. ಈ ಎಣಿಕೆ ತಪ್ಪಾಗಿರಬಹುದೆಂಬುದನ್ನು ಅರಿಯಬೇಕಾದರೆ ತಲೆ ಮತ್ತು ಕತ್ತಿನ ರಚನೆಯನ್ನು ಸ್ವಲ್ಪಮಟ್ಟಿಗಾದರೂ ತಿಳಿದಿರಬೇಕು.

ಇಪ್ಪತ್ತೆರಡು ಮೂಳೆಗಳ ಕೋಟೆ

ಮನುಷ್ಯನ ತಲೆಬುರುಡೆಯಲ್ಲಿ 22 ಮೂಳೆಗಳಿವೆ. ಇವುಗಳಲ್ಲಿ 8 ಮೂಳೆಗಳು ಮಿದುಳನ್ನು ಕಾಯುವ ಕವಚವಾದರೆ, ಉಳಿದ 14 ಮುಖದ ಆಕಾರವನ್ನು ರೂಪಿಸುತ್ತವೆ. ಇವೆಲ್ಲ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿದ್ದು, ಕೆಳದವಡೆಯೊಂದೇ ಸ್ವತಂತ್ರವಾಗಿ ಚಲಿಸಬಲ್ಲುದು. ಈ ಕೆಳದವಡೆಯು ಎರಡು ಮೂಳೆಗಳಿಂದಾದುದೆಂದು ಪ್ರಾಚೀನ ವೈದ್ಯ ಗೇಲನ್ ಬರೆದಿದ್ದನು. ಪ್ರಾಣಿಗಳ ದೇಹಗಳನ್ನು ಕೊಯ್ದು ನೋಡಿ ಆಡಿದ ಈ ಮಾತನ್ನು ಸುಮಾರು ಹದಿಮೂರು ಶತಮಾನಗಳ ಕಾಲ ಜನ ನಂಬಿದ್ದರು. ಮಾನವ ಶರೀರವನ್ನೇ ಪರೀಕ್ಷಿಸಿದ ವೆಸೇಲಿಯಸ್ 1543ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅದು ಒಂದೇ ಮೂಳೆಯೆಂದು ತೋರಿಸಿಕೊಟ್ಟನು. ಕಣ್ಣಾರೆ ನೋಡುವುದರ ಬೆಲೆ ಇದರಿಂದ ತಿಳಿಯುತ್ತದೆ.

ನಮ್ಮ ದೇಶದ ಸುಶ್ರುತಾಚಾರ್ಯರು ದೇಹದಲ್ಲಿ 107 ಮರ್ಮಸ್ಥಾನಗಳನ್ನು ಗುರುತಿಸಿ, ಅವುಗಳಲ್ಲಿ 37 ಕತ್ತು ಮತ್ತು ತಲೆಗಳಲ್ಲಿಯೇ ಇವೆಯೆಂದು ಹೇಳಿದ್ದಾರೆ. ದೇಹದ ಇಷ್ಟು ಚಿಕ್ಕ ಭಾಗದಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಮರ್ಮಗಳನ್ನು ಅವರು ಕಂಡುದು ಅರ್ಥಪೂರ್ಣವಾಗಿದೆ.

ಇಕ್ಕಟ್ಟಾದ ಸೇತುವೆ

ಸುಮಾರು ನಾಲ್ಕೂವರೆಯಿಂದ ಐದು ಕಿಲೋ ತೂಗುವ ತಲೆಯನ್ನು ಹೊತ್ತು ನಿಂತಿರುವುದು ಕತ್ತಿನ ಏಳು ಕಶೇರುಕಗಳು. ನೀಳ ಕತ್ತಿನ ಜಿರಾಫೆಗೂ ಇರುವವು ಏಳೇ. ಮೊದಲನೆಯ ಕಶೇರುಕದ ಮೇಲೆ ತಲೆಬುರುಡೆ ಬಾಗುವುದರಿಂದ ಮನುಷ್ಯ ಹೌದೆಂದು ತಲೆಯಾಡಿಸಬಲ್ಲನು. ಎರಡನೆಯದರ ಗೂಟದ ಸುತ್ತ ಮೊದಲನೆಯದು ತಿರುಗುವುದರಿಂದ ಇಲ್ಲವೆಂದು ತಲೆಯಲ್ಲಾಡಿಸಬಲ್ಲನು.

ತಲೆಯನ್ನೂ ಮುಂಡವನ್ನೂ ಸೇರಿಸುವ ಸೇತುವೆ ಕತ್ತು. ಉಸಿರು, ಅನ್ನ, ರಕ್ತ, ನರಗಳ ಸಂದೇಶ ಇವೆಲ್ಲ ಈ ಇಕ್ಕಟ್ಟಾದ ದಾರಿಯಲ್ಲಿಯೇ ಸಾಗಬೇಕು. ಮುಂಭಾಗದಲ್ಲಿ ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳ, ಅದರ ಹಿಂದೆ ಅನ್ನನಾಳ, ಅದರ ಹಿಂದೆ ಬೆನ್ನುಹುರಿಯನ್ನು ಒಳಗೊಂಡ ಕಶೇರುಕಗಳು. ಶ್ವಾಸನಾಳಕ್ಕೆ ಅಂಟಿಕೊಂಡು ಚಿಟ್ಟೆಯಾಕಾರದ ಥೈರಾಯ್ಡ್ ಗ್ರಂಥಿಯಿದೆ. ಇದರಲ್ಲಿ ಗಂಟಾದರೆ ಅದು ನುಂಗುವಾಗ ಮೇಲೆ ಕೆಳಗೆ ಚಲಿಸುವುದರಿಂದ ಅದನ್ನು ಬೇರೆಯಾಗಿ ಗುರುತಿಸುವುದು ಸಾಧ್ಯ.

ಕಿವಿಯ ಹಿಂದಿನ ಮೂಳೆಯಿಂದ ಎದೆಮೂಳೆಯವರೆಗೆ ಓರೆಯಾಗಿ ಇಳಿಯುವ ದಪ್ಪ ಸ್ನಾಯುವೊಂದನ್ನು, ಮುಖವನ್ನು ಪಕ್ಕಕ್ಕೆ ತಿರುಗಿಸಿದಾಗ, ಯಾರಾದರೂ ಕನ್ನಡಿಯಲ್ಲಿ ಕಾಣಬಹುದು. ಈ ಸ್ನಾಯುವಿನ ಮರೆಯಲ್ಲಿ ಮಿದುಳಿಗೆ ರಕ್ತವನ್ನೊಯ್ಯುವ ಅಪಧಮನಿ, ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ ಹಾಗೂ ಒಂದು ಮುಖ್ಯ ನರ ಒಂದೇ ಕೋಶದೊಳಗೆ ಸಾಗುತ್ತವೆ. ಕತ್ತಿನ ಗಂಟಿನ ಕಥೆ ಆರಂಭವಾಗುವುದು ಇಲ್ಲಿಯೇ.

ದುಗ್ಧಗ್ರಂಥಿಗಳೆಂಬ ತನಿಖಾ ಠಾಣೆಗಳು

ರಕ್ತನಾಳಗಳಲ್ಲದೆ ದೇಹದಲ್ಲಿ ದುಗ್ಧರಸವೆಂಬ ತಿಳಿದ್ರವವು ಹರಿಯುವ ಸೂಕ್ಷ್ಮ ನಾಳಗಳೂ ಇವೆ. ಈ ದಾರಿಯಲ್ಲಿ ಅಲ್ಲಲ್ಲಿ ಹುರುಳಿಕಾಳಿನಂತಹ ಗ್ರಂಥಿಗಳು ಕುಳಿತು, ದ್ರವದಲ್ಲಿ ಬರುವ ರೋಗಾಣುಗಳನ್ನು ತಡೆದು ಪರೀಕ್ಷಿಸುತ್ತವೆ. ದೇಹದಲ್ಲಿರುವ ಇಂತಹ ಗ್ರಂಥಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಕತ್ತಿನಲ್ಲಿಯೇ ಇರುತ್ತವೆ. ಬಾಯಿ, ಮೂಗು, ಗಂಟಲುಗಳು ಹೊರಜಗತ್ತಿಗೆ ತೆರೆದ ಬಾಗಿಲುಗಳಾದ್ದರಿಂದ ಕಾವಲೂ ಅಲ್ಲಿ ಹೆಚ್ಚು.

ವೈದ್ಯರು ಈ ಗ್ರಂಥಿಗಳನ್ನು ಪ್ರದೇಶವಾರು ವಿಂಗಡಿಸಿದ್ದಾರೆ. ಗಲ್ಲದ ಮತ್ತು ದವಡೆಯ ಕೆಳಗಿನವು ತುಟಿ, ಬಾಯಿಯ ತಳ, ಒಸಡು ಮತ್ತು ಕೆನ್ನೆಗಳಿಂದ ಹರಿದು ಬರುವುದನ್ನು ಸ್ವೀಕರಿಸುತ್ತವೆ. ಕಿವಿಯ ಕೆಳಗೆ ಅಭಿಧಮನಿಯ ಮೇಲ್ತುದಿಯಲ್ಲಿರುವವು ನಾಲಿಗೆ ಮತ್ತು ಟಾನ್ಸಿಲ್‌ಗಳಿಗೆ ಸಂಬಂಧಿಸಿದವು. ಇನ್ನೂ ಕೆಳಗಿನವು ಧ್ವನಿಪೆಟ್ಟಿಗೆ, ಗಂಟಲಿನ ಕೆಳಭಾಗ ಹಾಗೂ ಥೈರಾಯ್ಡ್‌ಗೆ ಸೇರಿದವು. ಎಡಗಡೆಯ ಕೊರಳೆಲುಬಿನ ಮೇಲಿನ ಗ್ರಂಥಿಯು ದೂರದ ಹೊಟ್ಟೆಯ ರೋಗವನ್ನು ಸೂಚಿಸುವುದೂ ಉಂಟು. ಖಾತೆ ಪುಸ್ತಕದಲ್ಲಿ ಹೊಂದಿಕೆಯಾಗದ ಮೊತ್ತವೊಂದು ಕಂಡರೆ ಲೆಕ್ಕಿಗನು ಆ ಅಂಕಿಯನ್ನು ಅಳಿಸುವುದಿಲ್ಲ, ಅದರ ಮೂಲ ವೋಚರನ್ನು ಹುಡುಕುತ್ತಾನೆ. ಅಂತೆಯೇ ಕತ್ತಿನ ಗಂಟನ್ನು ಕಂಡ ವೈದ್ಯನು ಮೊದಲು ರೋಗಿಯ ಬಾಯಿಯನ್ನು ತೆರೆಸಿ ನೋಡುತ್ತಾನೆ.

ಎಲ್ಲ ಗಂಟುಗಳೂ ಕ್ಯಾನ್ಸರ್ ಅಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ನೆಗಡಿ, ಟಾನ್ಸಿಲ್ ಬಾವು, ಹುಳುಕು ಹಲ್ಲುಗಳಿಂದ ಗ್ರಂಥಿಗಳು ಊದಿಕೊಂಡು, ಮೂಲ ಬೇನೆ ವಾಸಿಯಾದೊಡನೆ ಇಳಿಯುತ್ತವೆ. ಹಿರಿಯರು ಗಂಡಮಾಲೆಯೆಂದು ಕರೆಯುತ್ತಿದ್ದ ಕ್ಷಯದ ಗಂಟುಗಳು ನಮ್ಮಲ್ಲಿ ಈಗಲೂ ಸಾಮಾನ್ಯ. ಔಷಧಿಯಿಂದ ಅವು ಗುಣವಾಗುತ್ತವೆ. ಆದರೆ ವಯಸ್ಕರಲ್ಲಿ, ವಿಶೇಷವಾಗಿ ತಂಬಾಕು ಸೇವಿಸುವವರಲ್ಲಿ, ನೋವಿಲ್ಲದ ಗಟ್ಟಿಯಾದ ಗಂಟು ಎರಡು ಮೂರು ವಾರ ಕಳೆದರೂ ಇಳಿಯದಿದ್ದರೆ ತಡಮಾಡಬಾರದು. ನೋವಿಲ್ಲದಿರುವುದು ಸಮಾಧಾನದ ವಿಷಯವಲ್ಲ, ಶಂಕೆಗೆ ಕಾರಣ.

ಮುಂಬಯಿಯ ಕೊಡುಗೆ

ಭಾರತದ ಪುರುಷರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಬಾಯಿಯದು. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 21ಕ್ಕೂ ಹೆಚ್ಚು ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದರು. ಹಲ್ಲುಜ್ಜಲು ಸುಟ್ಟ ತಂಬಾಕಿನ ಮಿಶ್ರಿ ಬಳಸುವ ಸ್ತ್ರೀಯರೂ ಈ ಗುಂಪಿಗೆ ಸೇರುತ್ತಾರೆ. ಗುಟ್ಕಾವನ್ನು ಮಹಾರಾಷ್ಟ್ರವು 2012ರಲ್ಲಿಯೂ ಕರ್ನಾಟಕವು 2013ರಲ್ಲಿಯೂ ನಿಷೇಧಿಸಿದುವು. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ವರದಿಯಲ್ಲಿ ಸಾರಿದೆ. ಅಡಿಕೆ ತೋಟಗಳ ನಾಡಿನಿಂದ ಬಂದವರಿಗೆ, ತಾಂಬೂಲವನ್ನು ಮಂಗಳದ ವಸ್ತುವೆಂದು ಭಾವಿಸುವವರಿಗೆ, ಇದು ಕಹಿಯಾದ ಮಾತು, ಆದರೂ ಮರೆಮಾಚತಕ್ಕದ್ದಲ್ಲ. ತಾಂಬೂಲವನ್ನು ತಟ್ಟೆಯಲ್ಲಿಟ್ಟು ಗೌರವಿಸುವುದು ಬೇರೆ, ದಿನವಿಡೀ ಕೆನ್ನೆಯಲ್ಲಿಟ್ಟುಕೊಳ್ಳುವುದು ಬೇರೆ. ಅಡಿಕೆಯ ಸತತ ಸೇವನೆಯಿಂದ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ತೆರೆಯಲಾಗದ ಸ್ಥಿತಿಯುಂಟಾಗುತ್ತದೆ. ಈ ಸ್ಥಿತಿಯಿಂದ ಕ್ಯಾನ್ಸರ್ ಹುಟ್ಟಬಹುದೆಂದು 1956ರಲ್ಲಿಯೇ ಎಚ್ಚರಿಸಿದವರು ಮುಂಬಯಿಯ ಡಾ. ಪೇಮಾಸ್ಟರ್.

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದುದು 1941ರ ಫೆಬ್ರವರಿ 28ರಂದು. ಬಾಯಿಯ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು, ಕತ್ತಿನಲ್ಲಿ ಗಂಟು ಕೈಗೆ ಸಿಗದಿರುವಾಗ, ಬಾಯಿಯ ಹುಣ್ಣಿನೊಡನೆ ಕತ್ತಿನ ಗ್ರಂಥಿಗಳನ್ನೂ ತೆಗೆಯಬೇಕೇ ಅಥವಾ ಗಂಟು ಕಾಣಿಸಿಕೊಳ್ಳುವವರೆಗೆ ಕಾಯಬೇಕೇ ಎಂಬ ಪ್ರಶ್ನೆ ಲೋಕದ ಶಸ್ತ್ರವೈದ್ಯರನ್ನು ಬಹುಕಾಲ ಕಾಡಿತ್ತು. ಇದಕ್ಕೆ ನಿರ್ಣಾಯಕ ಉತ್ತರ ದೊರೆತುದು ಈ ಆಸ್ಪತ್ರೆಯಲ್ಲಿ. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಿಂದ ನಡೆಸಿದ ಅಧ್ಯಯನದಲ್ಲಿ 500 ರೋಗಿಗಳ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೊದಲೇ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ಬಳಿಕ ಬದುಕುಳಿದವರು ನೂರಕ್ಕೆ 80. ಕಾದು ನೋಡಿದವರಲ್ಲಿ ನೂರಕ್ಕೆ 67.5. ಅಂತರ 12.5, ಅಂದರೆ ಪ್ರತಿ ಎಂಟು ಮಂದಿಗೆ ಒಂದು ಜೀವ. ಕೈಗೆ ಗಂಟು ಸಿಗದವರಲ್ಲಿಯೂ ನೂರಕ್ಕೆ ಸುಮಾರು 30 ಮಂದಿಯ ಗ್ರಂಥಿಗಳಲ್ಲಿ ರೋಗ ಆಗಲೇ ಅಡಗಿತ್ತೆಂಬುದು ಈ ಅಂತರವನ್ನು ವಿವರಿಸುತ್ತದೆ.

ಶಸ್ತ್ರಕ್ರಿಯೆಯ ಭಯವೂ ಮೊದಲಿನಷ್ಟು ಇರಬೇಕಾಗಿಲ್ಲ. 1906ರಲ್ಲಿ ಅಮೆರಿಕದ ಜಾರ್ಜ್ ಕ್ರೈಲ್ ವಿವರಿಸಿದ ಕ್ರಮದಲ್ಲಿ ಗ್ರಂಥಿಗಳ ಜೊತೆಗೆ ಸ್ನಾಯು, ಅಭಿಧಮನಿ ಮತ್ತು ಭುಜಕ್ಕೆ ಹೋಗುವ ನರ ಕೂಡ ತೆಗೆಯಲ್ಪಡುತ್ತಿದ್ದುವು. ಪ್ರಾಣ ಉಳಿದರೂ ಭುಜ ಜೋತುಬೀಳುತ್ತಿತ್ತು. ಹೊರೆ ಎತ್ತಿ ಬದುಕುವವನಿಗೆ ಇದು ಅನ್ನದ ಪ್ರಶ್ನೆ. ಮುಂದೆ ಅರ್ಜೆಂಟೀನಾದ ಸ್ವಾರೆಜ್ ಮೊದಲಾದವರು ಆ ನರವನ್ನು ಉಳಿಸುವ ವಿಧಾನವನ್ನು ರೂಢಿಗೆ ತಂದರು. ಆರಂಭದ ಹಂತದಲ್ಲಿಯೇ ಬಂದವರಿಗೆ ಇಂದು ಅಗತ್ಯವಾದ ಗ್ರಂಥಿಗಳನ್ನಷ್ಟೇ ತೆಗೆಯುವುದು ಸಾಧ್ಯ. ಬೇಗ ಬಂದವನು ಕಳೆದುಕೊಳ್ಳುವುದು ಕಡಿಮೆ.

ಕನ್ನಡಿಯ ಮುಂದೆ ಐದು ನಿಮಿಷ

ಕೇರಳದ ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಜನರ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದ ಫಲವಾಗಿ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವುಗಳು ಮೂರನೆಯ ಒಂದರಷ್ಟು ಕಡಿಮೆಯಾದುವೆಂದು 2005ರ ವರದಿ ತಿಳಿಸಿತು. ಬಾಯಿಯು ಕಣ್ಣಿಗೆ ಕಾಣುವ ಅವಯವವಾಗಿರುವುದೇ ನಮ್ಮ ಭಾಗ್ಯ.

ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು, ಬ್ಯಾಟರಿ ಬೆಳಕಿನಲ್ಲಿ ತುಟಿಯ ಒಳಬದಿ, ಎರಡೂ ಕೆನ್ನೆಗಳು, ಒಸಡು, ನಾಲಿಗೆಯ ಅಂಚು ಮತ್ತು ಅಡಿಭಾಗ, ಅಂಗುಳ ಇವುಗಳನ್ನು ನೋಡಿಕೊಳ್ಳಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರಗಳಲ್ಲಿ ಮಾಯದ ಹುಣ್ಣು, ಮೂರು ಬೆರಳುಗಳನ್ನು ನಿಲುವಾಗಿ ಇಡಲಾಗದಷ್ಟು ಕಿರಿದಾದ ಬಾಯಿ, ಬಿಡದ ಗೊಗ್ಗರು ದನಿ, ನುಂಗಲು ಕಷ್ಟ ಇವು ಎಚ್ಚರಿಕೆಯ ಗಂಟೆಗಳು. ಕಿವಿಯಲ್ಲಿ ದೋಷವಿಲ್ಲದೆ ಒಂದೇ ಬದಿಯ ಕಿವಿ ನೋಯುತ್ತಿದ್ದರೆ ನಾಲಿಗೆಯ ಬುಡವನ್ನೂ ಗಂಟಲನ್ನೂ ಪರೀಕ್ಷಿಸಬೇಕು. ಏಕೆಂದರೆ ಗಂಟಲಿಗೂ ಕಿವಿಗೂ ಹೋಗುವ ನರ ಒಂದೇ. ಬಳಿಕ ಗಲ್ಲದ ಕೆಳಗಿನಿಂದ ದವಡೆಯ ಗುಂಟ ಕಿವಿಯವರೆಗೂ, ಅಲ್ಲಿಂದ ಕೊರಳೆಲುಬಿನವರೆಗೂ ಬೆರಳ ತುದಿಗಳಿಂದ ಸವರಿ ಎರಡೂ ಬದಿಗಳನ್ನು ಹೋಲಿಸಬೇಕು. ಗಂಟು ಸಿಕ್ಕರೆ ಅದನ್ನು ಹಿಸುಕುವುದಾಗಲಿ, ಅವಸರದಿಂದ ಕೊಯ್ಯಿಸುವುದಾಗಲಿ ಸಲ್ಲದು. ಸಾಮಾನ್ಯವಾಗಿ ಬಾಯಿ, ಗಂಟಲುಗಳ ತಪಾಸಣೆಯ ತರುವಾಯ ಸಣ್ಣ ಸೂಜಿಯಿಂದ ಪರೀಕ್ಷೆ ನಡೆಸಲಾಗುತ್ತದೆ.

ತಂಬಾಕು ಬಿಡಲು ಇಚ್ಛಿಸುವವರಿಗೆ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಯಿದ್ದು, ಕರೆಗೆ ಶುಲ್ಕವಿಲ್ಲ. ಟಾಟಾ ಸ್ಮಾರಕ ಕೇಂದ್ರದ ಚಿಕಿತ್ಸೆ ಮತ್ತು ಸಂಶೋಧನೆಗಳ ಇನ್ನೊಂದು ನೆಲೆ ನವಿ ಮುಂಬಯಿಯ ಖಾರಘರದಲ್ಲಿಯೇ ಇದೆ. ಪನವೇಲಿಗೆ ಹೋಗುವ ರೈಲು ರಬಾಳೆಯಿಂದ ಖಾರಘರಕ್ಕೆ ಒಯ್ಯುತ್ತದೆ.

ದವಡೆಯ ಕೆಳಗೆ ಕಡಲೆಗಾತ್ರದ ಗಂಟನ್ನು ಹೊತ್ತ ಆ ಕಾರ್ಮಿಕ ದೀಪಾವಳಿಯವರೆಗೆ ಕಾಯಬೇಕಾಗಿಲ್ಲ. ಪಾಳಿ ಮುಗಿದ ಒಂದು ಬೆಳಿಗ್ಗೆ ಅವನು ಮನೆಯ ಕಡೆಯ ಗಾಡಿಯನ್ನು ಬಿಟ್ಟು ವೈದ್ಯರ ಬಳಿಗೆ ಹೋಗಿ ಬಾಯಿ ತೆರೆದರೆ ಸಾಕು. ಗಂಟು ಸಾಮಾನ್ಯದ್ದಾಗಿದ್ದರೆ ಅವನು ಒಂದು ದಿನದ ನಿದ್ರೆಯನ್ನಷ್ಟೇ ಕಳೆದುಕೊಂಡಿರುತ್ತಾನೆ. ಅಲ್ಲವಾಗಿದ್ದರೆ, ದೀಪಾವಳಿಗೆ ಮಾತ್ರವಲ್ಲ, ಮುಂದಿನ ಹಲವು ಹಬ್ಬಗಳಿಗೂ ಅವನು ಊರಿಗೆ ಹೋಗುವಂತಾಗಬಹುದು.