ಟ್ರ್ಯಾಕ್ಟರಿನ ಪಿಟಿಒ: ನಂಬಿಕೆ ಒಂದು, ಸತ್ಯ ಇನ್ನೊಂದು

ಟ್ರ್ಯಾಕ್ಟರಿನ ಹಿಂಬದಿಯಲ್ಲಿ, ಎರಡು ದೊಡ್ಡ ಗಾಲಿಗಳ ನಡುವೆ, ಹಲ್ಲು ಕೊರೆದ ಗಿಡ್ಡ ಉಕ್ಕಿನ ದಂಡವೊಂದು ಹೊರಚಾಚಿರುತ್ತದೆ. ಎಂಜಿನ್ನಿನ ಶಕ್ತಿಯನ್ನು ಬೇರೊಂದು ಯಂತ್ರಕ್ಕೆ ದಾಟಿಸುವ ಈ ದಂಡವೇ ಪವರ್ ಟೇಕ್-ಆಫ್. ಎಲ್ಲರ ಬಾಯಲ್ಲಿ ಪಿಟಿಒ. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1918ರಲ್ಲಿ ತನ್ನ 8-16 ಮಾದರಿಯೊಂದಿಗೆ ಇದನ್ನು ಮಾರುಕಟ್ಟೆಗೆ ತಂದಿತು. ಭಾರತದಲ್ಲಿ ಸಾಮಾನ್ಯವಾಗಿ ಕಾಣುವುದು ಸುಮಾರು 35 ಮಿಲಿಮೀಟರ್ ವ್ಯಾಸದ, ಆರು ಹಲ್ಲಿನ, ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒ. ಅದರಿಂದ ಯಂತ್ರಕ್ಕೆ ಶಕ್ತಿ ಒಯ್ಯುವುದು ಎರಡು ತುದಿಗೂ ಕ್ರಾಸ್ ಎಂಬ ಮಣಿಯುವ ಕೀಲು ಇರುವ, ಒಂದರೊಳಗೊಂದು ಜಾರುವ ಜಾಯಿಂಟ್ ಶಾಫ್ಟ್.

ಪಿಟಿಒ ಎಂದರೆ ಹೊಲಗದ್ದೆಯ ಮಾತು, ಥಾಣೆ-ಡೊಂಬಿವಲಿಯಂಥ ಊರುಗಳಿಗೆ ಅದರ ಗೊಡವೆಯಿಲ್ಲ ಎಂಬ ನಂಬಿಕೆ ಬಲವಾಗಿದೆ. ಹೊಲದ ಕೆಲಸವೇನೋ ನಿಜ: ಥಾಣೆ ಜಿಲ್ಲೆಯ ಮುರಬಾಡ, ಶಹಾಪುರ ಮತ್ತು ಕಲ್ಯಾಣ ತಾಲೂಕುಗಳ ಹಳ್ಳಿಗಳಲ್ಲಿ ಭತ್ತದ ಗದ್ದೆಗಳಿವೆ. ಮಳೆ ಹಿಡಿದ ಮೇಲೆ ರೋಟಾವೇಟರ್, ಕೊಯ್ಲಿನ ನಂತರ ಒಕ್ಕಣೆ ಯಂತ್ರ ಪಿಟಿಒದಿಂದಲೇ ನಡೆಯುತ್ತವೆ. ಆದರೆ ಊರೊಳಗೂ ಅದಕ್ಕೆ ಕೆಲಸವಿದೆ. ಈ ಪ್ರದೇಶದ ನೆಲದಡಿ ಇರುವುದು ಗಟ್ಟಿ ಕರಿಕಲ್ಲು. ಪಾಯ ತೋಡುವಾಗ ಅದನ್ನು ಕೊರೆಯಲು ಟ್ರ್ಯಾಕ್ಟರಿಗೆ ಜೋಡಿಸಿದ ಕಂಪ್ರೆಸರ್ ಬರುತ್ತದೆ. ಟ್ಯಾಂಕರಿನ ಪಂಪು, ಜನರೇಟರು ತಿರುಗುವುದಕ್ಕೂ ಇದೇ ದಂಡ ಸಾಕು. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕನ್ನಡಿಗ ಕೂಲಿಕಾರರು ನಿಲ್ಲುವುದು ಇಂಥ ಯಂತ್ರಗಳ ಬಳಿಯಲ್ಲೇ.

ನಿಂತ ಟ್ರ್ಯಾಕ್ಟರ್ ಓಡುವ ಟ್ರ್ಯಾಕ್ಟರಿಗಿಂತ ಸಾಧು ಎಂಬ ಎಣಿಕೆಯೂ ಇಲ್ಲೇ ತಪ್ಪುತ್ತದೆ. ಗದ್ದೆಯಲ್ಲಿ ರೋಟಾವೇಟರ್ ಹೊಡೆಯುವಾಗ ಚಾಲಕ ಸೀಟಿನಲ್ಲಿರುತ್ತಾನೆ, ಹಿಂದೆ ಯಾರೂ ಇರುವುದಿಲ್ಲ. ನಿಂತು ಪಂಪು ತಿರುಗಿಸುವ ಟ್ರ್ಯಾಕ್ಟರಿನ ಸೀಟು ಖಾಲಿ. ಪೈಪು ಹಿಡಿಯುವವರು, ಡೀಸೆಲ್ ತರುವವರು, ದಾರಿಹೋಕರು, ಮಕ್ಕಳು ತಿರುಗುವ ಶಾಫ್ಟಿನ ಆಸುಪಾಸಿನಲ್ಲೇ ಓಡಾಡುತ್ತಾರೆ. ಅದನ್ನು ದಾಟಲು ಹತ್ತಿರದ ದಾರಿ ಶಾಫ್ಟಿನ ಮೇಲೆ ಕಾಲೆತ್ತಿ ಹಾಕುವುದು. ದೂರವಾದರೂ ಟ್ರ್ಯಾಕ್ಟರನ್ನು ಸುತ್ತಿ ಬರುವುದೊಂದೇ ಸರಿಯಾದ ದಾರಿ.

ಬಟ್ಟೆ ಸಿಕ್ಕಿದರೆ ಎಳೆದು ಬಿಡಿಸಿಕೊಳ್ಳಬಹುದು ಎನ್ನುವವರು ಲೆಕ್ಕ ಹಾಕಿ ನೋಡಿಲ್ಲ. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. 35 ಮಿಲಿಮೀಟರ್ ದಂಡದ ಸುತ್ತಳತೆ ಸುಮಾರು 11 ಸೆಂಟಿಮೀಟರ್. ಅದು ಸೆಕೆಂಡಿಗೆ ಸುಮಾರು ಒಂದು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. 10 ಸೆಂಟಿಮೀಟರ್ ಅಗಲದ ಕ್ರಾಸಿನ ಭಾಗಕ್ಕೆ ಸಿಕ್ಕಿದರೆ ಎರಡೂಮುಕ್ಕಾಲು ಮೀಟರಿಗೂ ಹೆಚ್ಚು. ಸುತ್ತಿಕೊಂಡ ಪ್ರತಿ ಪದರಕ್ಕೂ ವ್ಯಾಸ ಹಿಗ್ಗುವುದರಿಂದ ಎಳೆತದ ವೇಗವೂ ಏರುತ್ತದೆ. ಏನಾಯಿತೆಂದು ಮನಸ್ಸಿಗೆ ಹೊಳೆದು ಕೈ ಕದಲುವಷ್ಟರಲ್ಲಿ ಸೀರೆಯ ಸೆರಗು, ದುಪಟ್ಟಾ, ಹೆಗಲ ಟವೆಲ್ಲು, ಲುಂಗಿ ಮುಗಿದು ಮೈಯೇ ಶಾಫ್ಟಿಗೆ ತಾಗಿರುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸಾಲದು. ಶಾಫ್ಟಿನ ಹತ್ತಿರ ಹೋಗದಿರುವುದೇ ಮೇಲು.

ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಧೂಳು ತಡೆಯಲು ಇರುವುದು, ಗ್ರೀಸ್ ಹಚ್ಚುವಾಗ ಅಡ್ಡ ಬರುವುದರಿಂದ ಕಳಚಿಟ್ಟರೂ ನಡೆಯುತ್ತದೆ ಎಂಬ ಮಾತು ಎಲ್ಲಕ್ಕಿಂತ ಅಪಾಯದ್ದು. ಕವಚ ಬೇರಿಂಗಿನ ಮೇಲೆ ಕೂತಿರುತ್ತದೆ. ಅದರ ಸರಪಳಿಯನ್ನು ಟ್ರ್ಯಾಕ್ಟರಿಗೂ ಯಂತ್ರಕ್ಕೂ ಸಿಕ್ಕಿಸಿದರೆ ಒಳಗೆ ಶಾಫ್ಟ್ ತಿರುಗುತ್ತಿದ್ದರೂ ಕವಚ ನಿಂತೇ ಇರುತ್ತದೆ. ಕೆಸರು, ಕಲ್ಲಿನ ಹುಡಿ ಸೇರಿ ಬೇರಿಂಗು ಬಿಗಿದರೆ ಕವಚವೂ ಶಾಫ್ಟಿನ ಜೊತೆ ತಿರುಗತೊಡಗುತ್ತದೆ. ಆಗ ಅದು ಇದ್ದೂ ಇಲ್ಲದಂತೆ. ಪರೀಕ್ಷೆ ಸುಲಭ: ಎಂಜಿನ್ ಆರಿಸಿ, ಕೀಲಿ ತೆಗೆದು, ಸರಪಳಿ ಬಿಚ್ಚಿ ಕವಚವನ್ನು ಕೈಯಿಂದ ತಿರುಗಿಸಬೇಕು. ಸಲೀಸಾಗಿ ತಿರುಗಿದರೆ ಸರಿ, ಇಲ್ಲದಿದ್ದರೆ ದುರಸ್ತಿ. ದಂಡದ ಮೇಲಿನ ಲೋಹದ ಮರೆ ಹತ್ತಿ ನಿಲ್ಲುವ ಮೆಟ್ಟಿಲಲ್ಲ. ಒಕ್ಕಣೆ ಯಂತ್ರಗಳಂಥ ಸಾಧನಗಳಿಗಾಗಿ ಕೇಂದ್ರ ಸರಕಾರ 1983ರಲ್ಲೇ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ತಂದಿದೆ. ಕೆಲಸಗಾರರಿಗೆ ಪರಿಹಾರದ ಮಾತೂ ಅದರಲ್ಲಿದೆ.

ಕ್ಲಚ್ ಒತ್ತಿದರೆ ಪಿಟಿಒ ನಿಂತಿತು ಎಂಬುದು ಕೆಲವು ಟ್ರ್ಯಾಕ್ಟರುಗಳ ಮಟ್ಟಿಗೆ ಮಾತ್ರ ನಿಜ. ಹಳೆಯ ಒಂಟಿ ಕ್ಲಚ್ಚಿನಲ್ಲಿ ಗಾಲಿ, ಪಿಟಿಒ ಎರಡಕ್ಕೂ ಶಕ್ತಿ ಕಡಿಯುತ್ತದೆ. ಡ್ಯುಯಲ್ ಕ್ಲಚ್ಚಿನಲ್ಲಿ ಅರ್ಧ ಒತ್ತಿದರೆ ಗಾಲಿಗೆ, ಪೂರ್ತಿ ಒತ್ತಿದರೆ ಪಿಟಿಒಗೂ. ಸ್ವತಂತ್ರ ಪಿಟಿಒ ಇರುವಲ್ಲಿ ಕಾಲಿನ ಕ್ಲಚ್ಚಿಗೂ ಅದಕ್ಕೂ ಸಂಬಂಧವೇ ಇಲ್ಲ, ಅದರ ಲಿವರ್ ಬೇರೆ. ಬೇರೆಯವರ ಟ್ರ್ಯಾಕ್ಟರ್ ಬಾಡಿಗೆಗೆ ತಂದವರು ಮೊದಲು ತಿಳಿಯಬೇಕಾದದ್ದು ಇದು. ಶಕ್ತಿ ಕಡಿದ ಮೇಲೂ ಭಾರದ ಯಂತ್ರ ತನ್ನ ಓಟದಲ್ಲೇ ಕೆಲ ಹೊತ್ತು ತಿರುಗುತ್ತದೆ. ಹಳೆಯ ಮಾದರಿಯಲ್ಲಿ ಓವರ್‌ರನಿಂಗ್ ಕ್ಲಚ್ ಇಲ್ಲದಿದ್ದರೆ ಆ ಓಟ ಗೇರ್‌ಬಾಕ್ಸಿಗೆ ಮರಳಿ ಟ್ರ್ಯಾಕ್ಟರನ್ನೇ ಮುಂದೆ ತಳ್ಳಬಲ್ಲದು.

ವೇಗ ಹೆಚ್ಚಿಸಿದರೆ ಕೆಲಸ ಬೇಗ ಎಂಬ ನಂಬಿಕೆಗೆ ಪಂಪೇ ಉತ್ತರ. ಸೆಂಟ್ರಿಫ್ಯೂಗಲ್ ಪಂಪು ಬೇಡುವ ಶಕ್ತಿ ಸುತ್ತಿನ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 540ರ ಬದಲು 650 ಸುತ್ತಿಗೆ ಒಯ್ದರೆ ನೀರು ಐದನೆಯ ಒಂದು ಪಾಲು ಹೆಚ್ಚು, ಬೇಕಾಗುವ ಶಕ್ತಿ ಮಾತ್ರ ಮುಕ್ಕಾಲು ಪಾಲು ಹೆಚ್ಚು. ಜನರೇಟರಾದರೆ 540 ಸುತ್ತಿಗೆ 50 ಹರ್ಟ್ಸ್ ಬರುವಂತೆ ಗೇರು ಕೂಡಿಸಿರುತ್ತಾರೆ. 600ಕ್ಕೆ ಏರಿದರೆ 55 ದಾಟಿ, ಜೋಡಿಸಿದ ಮೋಟಾರುಗಳು ಅತಿವೇಗದಲ್ಲಿ ತಿರುಗುತ್ತವೆ. ಕೆಲವು ಟ್ರ್ಯಾಕ್ಟರುಗಳಲ್ಲಿರುವ 540ಇ ಎಂದರೆ ಹೆಚ್ಚಿನ ಬಲವೂ ಅಲ್ಲ. ಎಂಜಿನ್ ಕಡಿಮೆ ವೇಗದಲ್ಲಿರುವಾಗಲೇ 540 ಸುತ್ತು ಸಿಗುವ ವ್ಯವಸ್ಥೆ, ಹಗುರ ಕೆಲಸಕ್ಕೆ ಡೀಸೆಲ್ ಉಳಿಸಲು. 1000 ಸುತ್ತಿನ ದಂಡಕ್ಕೆ 21 ಹಲ್ಲು ಇಟ್ಟಿರುವುದೇ ಎರಡನ್ನು ಅದಲುಬದಲು ಮಾಡದಿರಲಿ ಎಂದು.

ಮತ್ತೆಮತ್ತೆ ಮುರಿಯುವ ಶಿಯರ್ ಬೋಲ್ಟಿನ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕುವುದು ಜಾಣತನವೆನಿಸುತ್ತದೆ. ಆ ಬೋಲ್ಟ್ ಇರುವುದೇ ಮುರಿಯಲು: ರೋಟಾವೇಟರಿಗೆ ಕಲ್ಲು ಸಿಕ್ಕಾಗ ಅದು ತುಂಡಾದರೆ ಗೇರ್‌ಬಾಕ್ಸು ಉಳಿಯುತ್ತದೆ.

ಯಾರಾದರೂ ಸಿಕ್ಕಿಕೊಂಡರೆ ಶಾಫ್ಟನ್ನು ಹಿಂದಕ್ಕೆ ತಿರುಗಿಸಿ ಬಿಡಿಸಬೇಕೆಂದು ಹಲವರು ತಿಳಿದಿದ್ದಾರೆ. ಹಾಗೆ ಮಾಡಿದರೆ ಗಾಯ ಇನ್ನೂ ಹರಿಯುತ್ತದೆ. ಮೊದಲು ಎಂಜಿನ್ ಆರಿಸಿ ಕೀಲಿ ತೆಗೆಯಬೇಕು, ಬಟ್ಟೆ ಕತ್ತರಿಸಬೇಕು, ರಕ್ತ ಸುರಿಯುವ ಜಾಗವನ್ನು ಶುಚಿಯಾದ ಬಟ್ಟೆಯಿಂದ ಅದುಮಿ ಹಿಡಿದು 108ಕ್ಕೆ ಕರೆ ಮಾಡಬೇಕು. ತುಂಡಾದ ಬೆರಳನ್ನೋ ಕೈಯನ್ನೋ ನೇರವಾಗಿ ಮಂಜುಗಡ್ಡೆಯಲ್ಲಿ ಹೂಳಿದರೆ ಜೀವಕೋಶಗಳು ಸಾಯುತ್ತವೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಗಾಯಾಳುವಿನ ಜೊತೆಯಲ್ಲೇ ಆಸ್ಪತ್ರೆಗೆ ಕಳಿಸಬೇಕು.