ಹೊಸ ಕಾರ್ಡಿನ ಉಡುಗೊರೆ, ಹಳೆ ಕಾರ್ಡಿನ ಲೆಕ್ಕ

ದುಬೈ, ಶಾರ್ಜಾಗಳಲ್ಲಿ ಯಾವ ಹೈಪರ್‌ಮಾರ್ಕೆಟ್ಟಿಗೆ ಹೋದರೂ ಬಾಗಿಲಲ್ಲೇ ಟೈ ಕಟ್ಟಿಕೊಂಡ ಒಬ್ಬ ಹುಡುಗ ನಿಂತಿರುತ್ತಾನೆ. ಕೈಯಲ್ಲಿ ಟ್ಯಾಬ್, ಬಾಯಲ್ಲಿ "ಸರ್, ಫ್ರೀ ಫಾರ್ ಲೈಫ್ ಕಾರ್ಡ್". ಜೊತೆಗೆ 500 ದಿರ್ಹಂ ವೋಚರ್ ಅಥವಾ ಕ್ಯಾಶ್‌ಬ್ಯಾಕ್ ಎಂಬ ಆಸೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಮನಸ್ಸು ಎಲ್ಲರಿಗೂ ಇದ್ದದ್ದೇ. ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವ ನಮ್ಮ ನಡುವೆಯೂ ರಾತ್ರಿ ಪಾಳಿಯಲ್ಲಿ ಚೀಟಿ ಕಡಿಮೆಯಾದಾಗ ನಡೆಯುವ ದೊಡ್ಡ ಚರ್ಚೆ ಇದೇ: ಈ ಕಾರ್ಡು ಬಿಟ್ಟು ಆ ಕಾರ್ಡು ತೆಗೆದುಕೊಂಡರೆ ಎಷ್ಟು ಸಿಗುತ್ತದೆ?

ಸಿಗುವುದು ನಿಜ. ಆದರೆ ಈ ಬೋನಸ್ ಹೆಚ್ಚಾಗಿ 'ಹೊಸ ಗ್ರಾಹಕ'ರಿಗೆ ಮಾತ್ರ. ಹೊಸ ಗ್ರಾಹಕ ಯಾರು ಎಂಬುದನ್ನು ನಿಂತಿರುವ ಹುಡುಗ ಹೇಳುವುದಿಲ್ಲ, ಷರತ್ತಿನ ಸಣ್ಣ ಅಕ್ಷರ ಹೇಳುತ್ತದೆ. ಕೆಲವು ಬ್ಯಾಂಕುಗಳಿಗೆ, ಕಳೆದ 6 ತಿಂಗಳು ಅಥವಾ 12 ತಿಂಗಳು ತಮ್ಮ ಯಾವ ಕ್ರೆಡಿಟ್ ಕಾರ್ಡೂ ಇಲ್ಲದವರು ಹೊಸಬರು. ಇನ್ನು ಕೆಲವರಿಗೆ ಸಂಬಳದ ಖಾತೆ ಇದ್ದರೂ ನೀವು ಹಳಬರೇ. ಅದೇ ಬ್ಯಾಂಕಿನಲ್ಲಿ ಬೆಳ್ಳಿ ಕಾರ್ಡನ್ನು ಚಿನ್ನದ ಕಾರ್ಡಿಗೆ ಅಪ್‌ಗ್ರೇಡ್ ಮಾಡಿಸಿದರೆ ಅದು ಸಾಮಾನ್ಯವಾಗಿ ಹೊಸ ಕಾರ್ಡೆಂದು ಲೆಕ್ಕಕ್ಕೆ ಬರುವುದಿಲ್ಲ. ಬೋನಸ್ ಬೇಕಿದ್ದರೆ ಅಪ್‌ಗ್ರೇಡ್‌ಗೆ ಒಪ್ಪುವ ಮೊದಲು ಈ ಒಂದು ಮಾತನ್ನು ಬರಹದಲ್ಲಿ ಕೇಳಿ. ಗಂಡನ ಕಾರ್ಡಿಗೆ ಹೆಂಡತಿಯ ಹೆಸರಲ್ಲಿ ಕೊಡುವ ಸಪ್ಲಿಮೆಂಟರಿ ಕಾರ್ಡಿಗೂ ಬೋನಸ್ ಸಿಗುವುದು ಅಪರೂಪ. ಇಬ್ಬರೂ ದುಡಿಯುವ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಬ್ಯಾಂಕಿನಲ್ಲಿ ಸ್ವಂತ ಹೆಸರಿನ ಕಾರ್ಡು ಇಟ್ಟುಕೊಂಡು, ಸರದಿಯಲ್ಲಿ ಬದಲಿಸುವುದು ಜಾಣತನ. ನಮ್ಮ ನರ್ಸ್ ದಂಪತಿಗಳು ಹಲವರು ಹೀಗೆಯೇ ಮಾಡುತ್ತಾರೆ.

ಔಷಧಿಗಳಲ್ಲಿ ನಮಗೊಂದು ಪದ್ಧತಿ ಇದೆ. ಕೆಲವು ಮಾತ್ರೆಗಳನ್ನು ನಿಲ್ಲಿಸಿದ ತಕ್ಷಣ ಇನ್ನೊಂದನ್ನು ಶುರು ಮಾಡುವಂತಿಲ್ಲ. ಹಳೆಯದು ಮೈಯಿಂದ ಪೂರ್ತಿ ಇಳಿಯುವ ತನಕ ಕಾಯಬೇಕು. ಕಾರ್ಡಿಗೂ ಇದೇ ಅನ್ವಯ. ಕಾಯುವ ಅವಧಿ ಶುರುವಾಗುವುದು ನೀವು ಕಾರ್ಡು ಬಳಸುವುದನ್ನು ಬಿಟ್ಟ ದಿನದಿಂದಲ್ಲ, ಬ್ಯಾಂಕು ಅದನ್ನು ಮುಚ್ಚಿದ ದಿನದಿಂದ. ಕತ್ತರಿಯಿಂದ ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರೆ ಪ್ಲಾಸ್ಟಿಕ್ ಹೋಯಿತು, ಖಾತೆ ಹೋಗಲಿಲ್ಲ. ನಮ್ಮ ವಿಭಾಗದ ಒಬ್ಬರು ಹಾಗೆ ಮಾಡಿದ್ದರು. ವರ್ಷ ಕಳೆದ ಮೇಲೆ 300 ದಿರ್ಹಂ ವಾರ್ಷಿಕ ಶುಲ್ಕ, ಅದರ ಮೇಲೆ ಶೇ. 5 ವ್ಯಾಟ್, ಒಟ್ಟು 315 ಬಿತ್ತು. ಸ್ಟೇಟ್‌ಮೆಂಟ್ ಹೋಗುತ್ತಿದ್ದದ್ದು ಹಳೆ ಇಮೇಲಿಗೆ. ತಡಪಾವತಿ ಶುಲ್ಕ, ಬಡ್ಡಿ ಸೇರಿ ಬೆಳೆಯುತ್ತ ಹೋಯಿತು. ಕಾರ್ ಲೋನಿಗೆ ಅರ್ಜಿ ಹಾಕಿದಾಗಲೇ ವಿಷಯ ತಿಳಿದದ್ದು.

ಯುಎಇಯಲ್ಲಿ ಇದೆಲ್ಲ ದಾಖಲಾಗುವುದು ಅಲ್ ಎತಿಹಾದ್ ಕ್ರೆಡಿಟ್ ಬ್ಯೂರೋದಲ್ಲಿ. ಸ್ಕೋರ್ 300ರಿಂದ 900ರವರೆಗೆ. ನಮ್ಮ ಊರಿನ ಸಿಬಿಲ್ ಸ್ಕೋರೂ 300ರಿಂದ 900ರ ತನಕವೇ, ಆದರೆ ಎರಡಕ್ಕೂ ಸಂಬಂಧವಿಲ್ಲ. ಅಲ್ಲಿ 800 ಇದ್ದರೆ ಇಲ್ಲಿ ಯಾರೂ ಕೇಳುವುದಿಲ್ಲ. ಪ್ರತಿ ಅರ್ಜಿಯ ವಿಚಾರಣೆಯೂ ವರದಿಯಲ್ಲಿ ಕಾಣುತ್ತದೆ. ಒಂದೇ ತಿಂಗಳಲ್ಲಿ ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕಿದವರನ್ನು ಬ್ಯಾಂಕು ಸಂಶಯದಿಂದಲೇ ನೋಡುತ್ತದೆ.

ಇನ್ನೊಂದು ಲೆಕ್ಕ ಮುಖ್ಯ. ಇಲ್ಲಿನ ಕೇಂದ್ರ ಬ್ಯಾಂಕಿನ ನಿಯಮದಂತೆ ಸಂಬಳದಾರರ ಸಾಲದ ಕಂತುಗಳೆಲ್ಲ ಸೇರಿ ಸಂಬಳದ ಅರ್ಧ ಮೀರುವಂತಿಲ್ಲ. ಕ್ರೆಡಿಟ್ ಕಾರ್ಡಿನ ಲೆಕ್ಕದಲ್ಲಿ ಬ್ಯಾಂಕುಗಳು ಸಾಮಾನ್ಯವಾಗಿ ನೀವು ಖರ್ಚು ಮಾಡಿದ್ದನ್ನಲ್ಲ, ಮಿತಿಯ ಶೇ. 5ನ್ನೇ ತಿಂಗಳ ಕಂತೆಂದು ಹಿಡಿಯುತ್ತವೆ. 6000 ದಿರ್ಹಂ ಸಂಬಳವಿದ್ದರೆ ಗಡಿ 3000. ಪರ್ಸನಲ್ ಲೋನ್ ಮತ್ತು ಕಾರಿನ ಕಂತು ಸೇರಿ 2300 ಇದೆ ಎನ್ನಿ. 12,000 ಮಿತಿಯ ಹಳೆ ಕಾರ್ಡಿಗೆ 600. ಒಟ್ಟು 2900. ಕಾರ್ಡನ್ನು ಒಂದು ಸಲವೂ ಉಜ್ಜದಿದ್ದರೂ ಇದೇ ಲೆಕ್ಕ. 10,000 ಮಿತಿಯ ಹೊಸ ಕಾರ್ಡು ಕೇಳಿದರೆ ಇನ್ನೂ 500 ಸೇರಿ 3400 ಆಗುತ್ತದೆ, ಅರ್ಜಿ ತಿರಸ್ಕಾರವಾಗುತ್ತದೆ. ಮೂಗಿಗಿಂತ ಮೂಗುತಿ ಭಾರ. ಹಾಗಾಗಿ ಇಂಥವರು ಮೊದಲು ಹಳೆಯದನ್ನು ಮುಚ್ಚಿ, ಬ್ಯೂರೋ ವರದಿಯಲ್ಲಿ ಅದು ಮುಚ್ಚಿದೆ ಎಂದು ಕಂಡ ಮೇಲೆಯೇ ಹೊಸದಕ್ಕೆ ಹೋಗಬೇಕು.

ಮುಚ್ಚುವುದೂ ಒಂದು ದಿನದ ಕೆಲಸವಲ್ಲ. ಪಾಯಿಂಟುಗಳನ್ನು ಮೊದಲೇ ಬಳಸಿಬಿಡಿ, ಮುಚ್ಚಿದ ಮೇಲೆ ಅವು ಸಿಗುವುದಿಲ್ಲ. ಸಾಲಿಕ್ ರೀಚಾರ್ಜ್, ಮೊಬೈಲ್ ಬಿಲ್ಲು, ಸಿನಿಮಾ ಆ್ಯಪ್ ಯಾವುದಕ್ಕೆಲ್ಲ ಆ ಕಾರ್ಡು ಕಟ್ಟಿದ್ದೀರೋ ಎಲ್ಲ ಬಿಚ್ಚಿ. ಬಾಕಿ ತೀರಿಸಿದ ಮೇಲೂ ಸ್ಟೇಟ್‌ಮೆಂಟ್ ದಿನದ ನಂತರದ ಬಡ್ಡಿ ಐದು-ಹತ್ತು ದಿರ್ಹಂ ಉಳಿದುಕೊಳ್ಳುವುದುಂಟು. ಆಮೇಲೆ ನೋ ಲಯಬಿಲಿಟಿ ಪತ್ರ ಕೇಳಿ. ಕೆಲವು ಬ್ಯಾಂಕುಗಳು ಅದನ್ನು ಕೊಡಲು 45 ದಿನದವರೆಗೂ ತೆಗೆದುಕೊಳ್ಳುತ್ತವೆ. ಕಾರ್ಡು ಕೊಡುವಾಗ ಸೆಕ್ಯುರಿಟಿ ಚೆಕ್ ತೆಗೆದುಕೊಂಡಿದ್ದರೆ ಅದನ್ನೂ ವಾಪಸ್ ಪಡೆಯಿರಿ. ಬೋನಸ್ ಪಡೆದು 12 ತಿಂಗಳೊಳಗೆ ಮುಚ್ಚಿದರೆ ಬೋನಸ್ ಹಿಂತೆಗೆದುಕೊಳ್ಳುವ ಷರತ್ತು ಹಲವು ಕಾರ್ಡುಗಳಲ್ಲಿದೆ. ಅದನ್ನು ನೋಡಿ, ವರ್ಷ ತುಂಬಿದ ಮೇಲೆ, ಎರಡನೇ ವರ್ಷದ ಶುಲ್ಕ ಬೀಳುವ ಮೊದಲು ಅರ್ಜಿ ಕೊಡಬೇಕು. ಔಷಧಿ ಕಪಾಟಿನಲ್ಲಿ ಎಕ್ಸ್‌ಪೈರಿ ಬರೆದಿಟ್ಟುಕೊಳ್ಳುವಂತೆ ನಾವು ಈ ತಾರೀಖನ್ನು ಫೋನಿನಲ್ಲಿ ಹಾಕಿಕೊಂಡಿರುತ್ತೇವೆ.

ಈಗ ಬೋನಸ್ಸಿನ ಬೆಲೆ ನೋಡೋಣ. ಮೂರು ತಿಂಗಳಲ್ಲಿ 9000 ದಿರ್ಹಂ ಖರ್ಚು ಮಾಡಿದರೆ 500 ಎಂಬ ಕೊಡುಗೆ ಇದೆ ಎನ್ನಿ. ಊರಿಗೆ ಕಳಿಸುವ ಹಣ, ರೂಮಿನ ಬಾಡಿಗೆ ಕಾರ್ಡಿನಲ್ಲಿ ಹೋಗುವುದಿಲ್ಲ. ಸಾಮಾನು, ಪೆಟ್ರೋಲು, ಫೋನು ಸೇರಿ ತಿಂಗಳಿಗೆ 1200 ಆದರೆ ಮೂರು ತಿಂಗಳಿಗೆ 3600. ಶಾಲೆ ಫೀಸು, ಸರಕಾರಿ ಶುಲ್ಕ, ವಾಲೆಟ್‌ಗೆ ಹಾಕಿದ ಹಣ ಅನೇಕ ಕಡೆ ಲೆಕ್ಕಕ್ಕಿಲ್ಲ. ಉಳಿದ 5400ಕ್ಕೆ ಬೇಡದ ಟಿವಿ ಕೊಂಡು ಬಾಕಿ ಹೊತ್ತರೆ, ತಿಂಗಳಿಗೆ ಶೇ. 3.25 ಬಡ್ಡಿಯಂತೆ ಸುಮಾರು 175 ದಿರ್ಹಂ. ಮೂರು ತಿಂಗಳಲ್ಲಿ ಬೋನಸ್ ಕರಗಿತು, ಟಿವಿ ಸಾಲ ಉಳಿಯಿತು. ಅದೇ ಕಾರ್ಡನ್ನು ಜೂನ್‌ನಲ್ಲಿ ತೆಗೆದುಕೊಂಡು ಮಕ್ಕಳ ರಜೆಗೆ ಮಂಗಳೂರಿನ ನಾಲ್ಕು ಟಿಕೆಟ್ಟನ್ನು ಅದರಲ್ಲೇ ಮಾಡಿ, ಕೂಡಿಟ್ಟ ಹಣದಿಂದ ಪೂರ್ತಿ ಕಟ್ಟಿದವರಿಗೆ ಆ 500 ನಿಜವಾದ ಲಾಭ. ಅವಸರಕ್ಕೆ ಕಾರ್ಡಿನಿಂದ ನಗದು ಎಳೆಯುವುದು ಮಾತ್ರ ಬೇಡವೇ ಬೇಡ. ಅದಕ್ಕೆ ಶುಲ್ಕ ಬೇರೆ, ಬಡ್ಡಿ ಮೊದಲ ದಿನದಿಂದಲೇ.

ಅರ್ಜಿಯಲ್ಲಿ ಸಂಬಳ ಹೆಚ್ಚು ಬರೆದುಕೊಡುತ್ತೇನೆ ಎನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಸಹಿ ನಿಮ್ಮದು, ಕಮಿಷನ್ ಅವನದು.

ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಡುವವರಿಗೆ ಇದೆಲ್ಲ ಇನ್ನೂ ಬಿಗಿ. ಗ್ರಾಚ್ಯುಯಿಟಿ ಬಂದು ಬೀಳುವ ಖಾತೆಯನ್ನೇ, ಬಾಕಿ ಇದೆ ಎಂದು ಬ್ಯಾಂಕು ತಡೆಹಿಡಿಯಬಹುದು. ಹದಿನೈದು ವರ್ಷದ ದುಡಿಮೆ ಒಂದು ಮರೆತ ಕಾರ್ಡಿನ ಮುಂದೆ ನಿಂತುಬಿಡುತ್ತದೆ. ನೋಟಿಸ್ ಕೊಡುವ ಎರಡು ತಿಂಗಳ ಮೊದಲೇ ಕಾರ್ಡುಗಳನ್ನು ಮುಚ್ಚಲು ಹಾಕಿ. ಬ್ಯಾಂಕು ಸತಾಯಿಸಿದರೆ ಅಲ್ಲೇ ಲಿಖಿತ ದೂರು ಕೊಟ್ಟು, ಬಗೆಹರಿಯದಿದ್ದರೆ ಸನದಕ್ ಎಂಬ ಒಂಬುಡ್ಸ್‌ಮನ್ ಘಟಕಕ್ಕೆ ಹೋಗಬಹುದು.

ಊರಿನ ಎನ್‌ಆರ್‌ಐ ಖಾತೆಯ ಜೊತೆ ಅಲ್ಲಿಯೂ ಒಂದು ಕಾರ್ಡು ಇಟ್ಟುಕೊಂಡವರಿಗೆ ಕೆಲಸ ಸುಲಭ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ಬಾಕಿ ಇಲ್ಲದಿದ್ದರೆ ಅರ್ಜಿ ಕೊಟ್ಟ 7 ಕೆಲಸದ ದಿನಗಳೊಳಗೆ ಕಾರ್ಡು ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು.