ಮುಕ್ತ ಸರ್ವರುಗಳ ಕಾವಲು ಮತ್ತು ದತ್ತಾಂಶದ ಹೊಣೆ

ಬ್ಯಾಂಕಿನ ಹಣ ವರ್ಗಾವಣೆಯಿಂದ ಹಿಡಿದು ವಿಶ್ವವಿದ್ಯಾಲಯದ ಫಲಿತಾಂಶದವರೆಗೆ ಅಂತರ್ಜಾಲದಲ್ಲಿ ಸಿಗುವ ಸೇವೆಗಳ ಹಿಂದೆ ಸರ್ವರುಗಳಿರುತ್ತವೆ. ಏಕಕಾಲಕ್ಕೆ ಸಾವಿರಾರು ಜನರ ಕೋರಿಕೆಗಳಿಗೆ ಉತ್ತರಿಸುತ್ತ ಹಗಲಿರುಳು ನಡೆಯಬೇಕಾದ ಈ ಗಣಕಗಳಲ್ಲಿ ದೊಡ್ಡ ಪಾಲು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು, ಅಂದರೆ ಯಂತ್ರಕ್ಕೂ ಉಳಿದ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶವನ್ನು, ಆಧರಿಸಿದೆ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ಯೋಜನೆ ಎಷ್ಟು ವ್ಯಾಪಿಸಿದೆಯೆಂದರೆ, ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿರುವ ಎಲ್ಲ ಯಂತ್ರಗಳೂ 2017ರ ನವೆಂಬರಿನಿಂದ ಈಚೆಗೆ ಲಿನಕ್ಸನ್ನೇ ಬಳಸುತ್ತಿವೆ.

ಮುಕ್ತ ತಂತ್ರಾಂಶದ ಮೂಲ ಸಂಕೇತವನ್ನು, ಎಂದರೆ ಅದನ್ನು ರಚಿಸಿದವರು ಬರೆದ ಆದೇಶಗಳ ಪಠ್ಯವನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹೀಗಾಗಿ ಅದನ್ನು ಬಳಸುವ ಸಂಸ್ಥೆ ಒಂದೇ ಕಂಪನಿಯ ಮರ್ಜಿಗೆ ಕಟ್ಟುಬೀಳುವುದಿಲ್ಲ. ಆದರೆ ಲಿನಕ್ಸಿನ ಪರವಾನಗಿಯಲ್ಲಿಯೇ ಈ ತಂತ್ರಾಂಶಕ್ಕೆ ಯಾವ ಖಾತರಿಯೂ ಇಲ್ಲವೆಂದು ನಮೂದಾಗಿರುವುದನ್ನು ಬಳಕೆದಾರರು ಎಷ್ಟೋ ಸಲ ಗಮನಿಸುವುದಿಲ್ಲ. ಎಲ್ಲರೂ ಓದಬಲ್ಲ ಸಂಕೇತವು ತಾನಾಗಿಯೇ ಸುರಕ್ಷಿತವಾಗುತ್ತದೆಂಬ ನಂಬಿಕೆ ಅಪಾಯಕಾರಿ. ರೆಡ್ ಹ್ಯಾಟ್, ಸೂಸೆಯಂಥ ಕಂಪನಿಗಳು ಶುಲ್ಕ ಪಡೆದು ಬೆಂಬಲ ನೀಡುತ್ತವೆಯಾದರೂ ಸರ್ವರುಗಳನ್ನು ದಿನನಿತ್ಯ ಕಾಯುವ ಹೊಣೆ ಆಯಾ ಸಂಸ್ಥೆಯ ಸಿಸ್ಟಂ ಅಡ್ಮಿನಿಸ್ಟ್ರೇಟರುಗಳದ್ದೇ, ಅಂದರೆ ನಿರ್ವಾಹಕರದ್ದೇ.

ಆ ಹೊಣೆಯಲ್ಲಿ ಮೊದಲನೆಯದು ದೋಷ ಸರಿಪಡಿಸುವ ಪ್ಯಾಚ್‌ಗಳನ್ನು ಸಕಾಲದಲ್ಲಿ ಅಳವಡಿಸುವುದು. 2017ರ ಮಾರ್ಚಿನಲ್ಲಿ ಅಪಾಚೆ ಸ್ಟ್ರಟ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಗಂಭೀರ ದೋಷವೊಂದು ಪತ್ತೆಯಾಗಿ ಅದಕ್ಕೆ ಪರಿಹಾರವೂ ಪ್ರಕಟವಾಯಿತು; ಅಮೆರಿಕದಲ್ಲಿ ಜನರ ಸಾಲದ ಚರಿತ್ರೆಯನ್ನು ಸಂಗ್ರಹಿಸುವ ಇಕ್ವಿಫ್ಯಾಕ್ಸ್ ಕಂಪನಿಯ ಜಾಲತಾಣವೊಂದರಲ್ಲಿ ಅದನ್ನು ಅಳವಡಿಸದೆ ಉಳಿದಿದ್ದರಿಂದ, ಮೇ ತಿಂಗಳಲ್ಲಿ ಆ ದಾರಿಯಿಂದಲೇ ನುಗ್ಗಿದ ಕಳ್ಳರು ಸುಮಾರು 14.7 ಕೋಟಿ ಜನರ ಖಾಸಗಿ ವಿವರಗಳನ್ನು ಕದ್ದರು. ಒಳಹೋಗುವ ಮತ್ತು ಹೊರಬರುವ ಗೂಢಲಿಪೀಕೃತ ಸಂಚಾರವನ್ನು ಪರೀಕ್ಷಿಸಬೇಕಾಗಿದ್ದ ಉಪಕರಣದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದು ಬಹಳ ಕಾಲವಾಗಿದ್ದರೂ ಅದನ್ನು ಯಾರೂ ನವೀಕರಿಸಿರಲಿಲ್ಲವಾದ್ದರಿಂದ ಕಳವು ಜುಲೈ ಕೊನೆಯವರೆಗೂ ಕಣ್ಣಿಗೆ ಬೀಳಲಿಲ್ಲ.

ಹಾಗೆಂದು ಹೊಸದಾಗಿ ಬಂದದ್ದನ್ನೆಲ್ಲ ಒಡನೆಯೇ ಸರ್ವರಿಗೆ ಹಾಕುವುದೂ ವಿವೇಕವಲ್ಲ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಗಣಕಕ್ಕೆ ಸುರಕ್ಷಿತವಾಗಿ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಸೇವೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿರುವುದನ್ನು ಗಮನಿಸಿ, ಅದರ ಕಾರಣವನ್ನು ಹುಡುಕುತ್ತ ಹೋದಾಗ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲೊಂದನ್ನು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿಯೊಂದನ್ನು, ಅಡಗಿಸಿಟ್ಟಿದ್ದುದು ಬೆಳಕಿಗೆ ಬಂತು. ಬಿಡುವಿನ ವೇಳೆಯಲ್ಲಿ ಆ ಯೋಜನೆಯನ್ನು ನೋಡಿಕೊಳ್ಳುತ್ತಿದ್ದ ಒಬ್ಬನೇ ವ್ಯಕ್ತಿಗೆ ನೆರವಾಗುವ ನೆಪದಲ್ಲಿ, ಬಹುಶಃ ಸುಳ್ಳು ಹೆಸರಿನಲ್ಲಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ವಿಶ್ವಾಸ ಗಳಿಸಿದವರು ಎಸಗಿದ ಕೃತ್ಯವಿದು. ಆ ಆವೃತ್ತಿಗಳು ಅಷ್ಟರಲ್ಲಿ ಮುಖ್ಯವಾಗಿ ಪರೀಕ್ಷಾ ಹಂತದ ಲಿನಕ್ಸ್ ವಿತರಣೆಗಳನ್ನು, ಅಂದರೆ ಲಿನಕ್ಸಿನೊಡನೆ ಇತರ ತಂತ್ರಾಂಶಗಳನ್ನು ಸೇರಿಸಿದ ಕಟ್ಟುಗಳನ್ನು, ಮಾತ್ರ ತಲುಪಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಉದ್ಯಮಗಳಿಗಾಗಿ ರೂಪಿಸಿದ ವಿತರಣೆಗಳು ಹಳೆಯ, ಪಳಗಿದ ಆವೃತ್ತಿಯನ್ನೇ ಉಳಿಸಿಕೊಂಡು ಅದಕ್ಕೆ ಸುರಕ್ಷತೆಯ ತಿದ್ದುಪಡಿಗಳನ್ನಷ್ಟೇ ಹಿಂದಕ್ಕೆ ತಂದು ಸೇರಿಸುವ ಕ್ರಮವನ್ನು ಅನುಸರಿಸುತ್ತವೆ. ಹೊಸ ಸೌಲಭ್ಯಗಳಿಗೆ ಕಾಯುವ, ದೋಷ ಪರಿಹಾರಕ್ಕೆ ಕಾಯದಿರುವ ಈ ಪದ್ಧತಿ ಸರ್ವರುಗಳಿಗೆ ಅತ್ಯಂತ ಸೂಕ್ತವಾದದ್ದು.

ಅಧಿಕಾರವನ್ನು ಹಂಚುವ ವಿಧಾನವೂ ಇಷ್ಟೇ ಮುಖ್ಯ. ಲಿನಕ್ಸಿನಲ್ಲಿ ರೂಟ್ ಎಂಬ ಖಾತೆಗೆ ಹೆಚ್ಚುಕಡಿಮೆ ಎಲ್ಲ ಅಧಿಕಾರವೂ ಇರುವುದರಿಂದ, ಒಳ್ಳೆಯ ನಿರ್ವಾಹಕರು ಅದರ ನೇರ ಬಳಕೆಯನ್ನು ನಿಷೇಧಿಸಿ, ಪ್ರತಿಯೊಬ್ಬರಿಗೂ ಅವರವರ ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಟ್ಟು, ಪಾಸ್‌ವರ್ಡಿನ ಬದಲು ಗೂಢಲಿಪಿಯ ಕೀಲಿಗಳಿಂದ ಪ್ರವೇಶಿಸುವಂತೆ ಏರ್ಪಾಡು ಮಾಡುತ್ತಾರೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2000ದಲ್ಲಿ ಬಿಡುಗಡೆ ಮಾಡಿದ ಎಸ್‌ಇಲಿನಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಪ್ರೋಗ್ರಾಂ ಯಾವ ಕಡತವನ್ನು ಮುಟ್ಟಬಹುದೆಂಬುದನ್ನೂ ನಿಯಮದಿಂದ ಕಟ್ಟಿಹಾಕುತ್ತದೆ. ಏನೋ ಒಂದು ತಂತ್ರಾಂಶ ನಡೆಯುತ್ತಿಲ್ಲವೆಂದು ಇಡೀ ಎಸ್‌ಇಲಿನಕ್ಸನ್ನೇ ನಿಷ್ಕ್ರಿಯಗೊಳಿಸುವ ಅಭ್ಯಾಸ ಎಷ್ಟೋ ಕಡೆ ಬೇರೂರಿರುವುದು ವಿಷಾದದ ಸಂಗತಿ.

ಸರ್ವರ್ ಕೆಟ್ಟರೆ ಇನ್ನೊಂದನ್ನು ತರಬಹುದು. ಅದರಲ್ಲಿದ್ದ ದತ್ತಾಂಶ ಹೋದರೆ ಹಣ ಕೊಟ್ಟು ತರಲಾಗದು. ಆದ್ದರಿಂದ ಇಡೀ ವಿಷಯದ ತಿರುಳು ಸಂಗ್ರಹಣೆಯಲ್ಲಿದೆ. ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸಿ, ಒಂದು ಕೆಟ್ಟರೂ ಉಳಿದವುಗಳಿಂದ ದತ್ತಾಂಶವನ್ನು ಮರಳಿ ಪಡೆಯುವ ರೇಯ್ಡ್ ಎಂಬ ವಿಧಾನವನ್ನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ 1988ರ ಪ್ರಬಂಧದಲ್ಲಿ ವಿವರಿಸಿದರು. ಡಿಸ್ಕ್ ಕೆಟ್ಟಿದೆಯೆಂದು ತಿಳಿಸದೆಯೇ ತಪ್ಪು ಅಕ್ಷರಗಳನ್ನು ಹಿಂತಿರುಗಿಸುವ ಸಂದರ್ಭಗಳೂ ಇರುವುದರಿಂದ, ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ರೂಪಿಸಿ 2005ರಲ್ಲಿ ಮುಕ್ತಗೊಳಿಸಿದ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ, ಪ್ರತಿ ತುಣುಕಿಗೂ ತಾಳೆ ನೋಡುವ ಸಂಖ್ಯೆಯೊಂದನ್ನು ಲೆಕ್ಕ ಹಾಕಿಟ್ಟು, ಓದುವಾಗ ಅದು ಹೊಂದದಿದ್ದರೆ ಇನ್ನೊಂದು ಪ್ರತಿಯಿಂದ ಸರಿಪಡಿಸುತ್ತದೆ. ಸೇಜ್ ವೈಲ್ ಅವರ ಸಂಶೋಧನೆಯಿಂದ ಹುಟ್ಟಿದ ಸೆಫ್ ಎಂಬ ಮುಕ್ತ ತಂತ್ರಾಂಶವಾದರೋ ದತ್ತಾಂಶದ ಪ್ರತಿಗಳನ್ನು ಹಲವಾರು ಸರ್ವರುಗಳಿಗೆ ಹರಡುತ್ತದೆ; ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಪ್ರಯೋಗಾಲಯ ಅದರ ಪ್ರಮುಖ ಬಳಕೆದಾರರಲ್ಲೊಂದು.

ಇವೆಲ್ಲವೂ ಯಂತ್ರದ ವೈಫಲ್ಯದಿಂದ ರಕ್ಷಿಸುತ್ತವೆ. ಮನುಷ್ಯನ ಕೈತಪ್ಪಿನಿಂದ ರಕ್ಷಿಸಲಾರವು, ಏಕೆಂದರೆ ಅಳಿಸುವ ಆದೇಶವೂ ಅಷ್ಟೇ ನಿಷ್ಠೆಯಿಂದ ಎಲ್ಲ ಪ್ರತಿಗಳಿಗೂ ಹರಡುತ್ತದೆ. ತಂತ್ರಾಂಶ ರಚಿಸುವವರ ಸಂಕೇತವನ್ನು ಕಾಪಿಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು, ಉಪ ಸರ್ವರಿನ ಡೇಟಾಬೇಸ್ ಕಡತಗಳನ್ನು ತೆರವುಗೊಳಿಸಲು ಹೊರಟ ಎಂಜಿನಿಯರೊಬ್ಬರು ಆ ಆದೇಶವನ್ನು ಮುಖ್ಯ ಸರ್ವರಿನಲ್ಲಿ ಕೊಟ್ಟುಬಿಟ್ಟರು. ಕ್ಷಣಾರ್ಧದಲ್ಲಿ ತಡೆದರೂ ಸುಮಾರು 300 ಗಿಗಾಬೈಟ್ ದತ್ತಾಂಶ ಅಳಿಸಿಹೋಗಿತ್ತು. ಆಮೇಲೆ ತಿಳಿದದ್ದು ಇನ್ನೂ ಆಘಾತಕಾರಿಯಾಗಿತ್ತು: ಪ್ರತಿದಿನ ನಡೆಯಬೇಕಿದ್ದ ಬ್ಯಾಕಪ್, ಡೇಟಾಬೇಸಿನ ಆವೃತ್ತಿಗೆ ಹೊಂದದ ಸಾಧನದಿಂದಾಗಿ ಮೌನವಾಗಿ ವಿಫಲವಾಗುತ್ತಿತ್ತು, ಮತ್ತು ಆ ವೈಫಲ್ಯವನ್ನು ತಿಳಿಸುವ ಇಮೇಲ್‌ಗಳು ಸರಿಯಾದ ಸಹಿಯಿಲ್ಲದ ಕಾರಣ ತಿರಸ್ಕೃತವಾಗಿ ಯಾರನ್ನೂ ತಲುಪುತ್ತಿರಲಿಲ್ಲ. ಕೊನೆಗೆ ಕಾಪಾಡಿದ್ದು, ಬೇರೆ ಉದ್ದೇಶಕ್ಕಾಗಿ ಸುಮಾರು ಆರು ಗಂಟೆ ಮೊದಲು ಅದೇ ಎಂಜಿನಿಯರ್ ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ದತ್ತಾಂಶದ ಸ್ಥಿರ ಪ್ರತಿ. ಸಂಸ್ಥೆ ಆ ವ್ಯಕ್ತಿಯ ಮೇಲೆ ತಪ್ಪು ಹೊರಿಸದೆ, ಮರುಸ್ಥಾಪನೆಯ ಕೆಲಸವನ್ನು ನೇರಪ್ರಸಾರ ಮಾಡಿ, ನಡೆದದ್ದನ್ನೆಲ್ಲ ವಿವರವಾಗಿ ಪ್ರಕಟಿಸಿತು. ಮುಕ್ತತೆಯ ನಿಜವಾದ ಸತ್ವ ಇಂಥ ನಡವಳಿಕೆಯಲ್ಲಿದೆ, ಮತ್ತು ಆ ವರದಿಯಿಂದ ನಿರ್ವಾಹಕರು ಇಂದಿಗೂ ಕಲಿಯುತ್ತಿದ್ದಾರೆ.

ಭಾರತದಲ್ಲಿ ಗಣಕ ಸುರಕ್ಷತೆಯ ಹೊಣೆ ಹೊತ್ತ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಬೆಂಗಳೂರಿನ ಕಂಪನಿಗಳೂ ಸೇರಿದಂತೆ ದೇಶದ ಸಂಸ್ಥೆಗಳು ಸೈಬರ್ ದಾಳಿಯನ್ನು ಗಮನಿಸಿದ 6 ಗಂಟೆಯೊಳಗೆ ವರದಿ ಮಾಡಬೇಕು, ಸರ್ವರುಗಳ ಲಾಗ್‌ಗಳನ್ನು, ಎಂದರೆ ನಡೆದ ವ್ಯವಹಾರಗಳ ದಾಖಲೆಯನ್ನು, 180 ದಿನ ಉಳಿಸಿಕೊಳ್ಳಬೇಕು, ಎಲ್ಲ ಯಂತ್ರಗಳ ಗಡಿಯಾರಗಳನ್ನು ಒಂದೇ ಪ್ರಮಾಣಕ್ಕೆ ಹೊಂದಿಸಬೇಕು. ಅದೇ ವರ್ಷದ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳ ದತ್ತಾಂಶವನ್ನು ದಾಳಿಕೋರರು ಗೂಢಲಿಪೀಕರಿಸಿ ಬಳಸಲಾಗದಂತೆ ಮಾಡಿದಾಗ, ಹೊರರೋಗಿಗಳ ನೋಂದಣಿಯನ್ನು ಅನೇಕ ದಿನ ಕಾಗದದ ಮೇಲೆ ನಡೆಸಬೇಕಾಯಿತು. ತಂತ್ರಾಂಶ ಮುಕ್ತವಾಗಿರಲಿ, ಹಣ ಕೊಟ್ಟು ಕೊಂಡದ್ದಾಗಿರಲಿ, ಇಂಥ ದಾಳಿಯಲ್ಲಿ ನೆರವಿಗೆ ಬರುವುದು ಮುಖ್ಯ ಜಾಲದಿಂದ ಬೇರೆಯಾಗಿಟ್ಟ, ಮತ್ತೆ ಬರೆಯಲು ಆಗದಂತೆ ಕಾಪಾಡಿದ ಬ್ಯಾಕಪ್. ಶಾಲೆ, ಆಸ್ಪತ್ರೆ, ಸಹಕಾರಿ ಬ್ಯಾಂಕುಗಳನ್ನು ನಡೆಸುವವರು ಬ್ಯಾಕಪ್ ಇದೆಯೇ ಎಂದಷ್ಟೇ ಕೇಳಿ ಸುಮ್ಮನಾಗದೆ, ಮೂರು ತಿಂಗಳಿಗೊಮ್ಮೆಯಾದರೂ ಅದನ್ನು ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ ತೋರಿಸುವಂತೆ ತಮ್ಮ ನಿರ್ವಾಹಕರಿಗೆ ಹೇಳಬೇಕು, ಅದಕ್ಕೆ ಬೇಕಾದ ಸಮಯವನ್ನೂ ಯಂತ್ರವನ್ನೂ ಒದಗಿಸಬೇಕು.